ಮಗು ಎಂದು ಬರೆದ ಬಿಲ್ಲೆ

ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಚೂಟಿಗೆ ಈಗ ಐವತ್ತರ ಹತ್ತಿರ. ನಿಮ್ಮವರು ಅಂತ ಯಾರಿದ್ದಾರೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಕತ್ತರಿ ಕೆಳಗಿಟ್ಟು ತಡವರಿಸುತ್ತಾಳೆ. ಆ ಗೊಂದಲ ಹುಟ್ಟಿದ್ದು ಅವಳ ಒಂಬತ್ತನೆಯ ವಯಸ್ಸಿನಲ್ಲಿ.

ಅಪ್ಪ ಅಮ್ಮ ಇಬ್ಬರೂ ಒಂದೇ ಜ್ವರಕ್ಕೆ ಹೋದಾಗ ಅವಳಿಗೆ ಏಳು. ದೂರದ ಚಿಕ್ಕಪ್ಪನೊಬ್ಬ ಪ್ರಾರ್ಥನೆಯ ಮನೆಯ ಬಾಗಿಲಿಗೆ ಕರೆತಂದು, "ಇಲ್ಲೇ ಇರು, ಈಗ ಬಂದೆ" ಎಂದು ಹೋದ. ಪುಣ್ಯಾತ್ಮ ಇನ್ನೂ ಬಂದಿಲ್ಲ. ಆ ಮನೆಯಲ್ಲಿ ದೇವರಿಗೆಂದು ಎಲ್ಲ ಬಿಟ್ಟು ಬಂದ ಒಂಬತ್ತು ಹೆಂಗಸರಿದ್ದರು. ಎಲ್ಲರದೂ ಒಂದೇ ಬೂದು ಬಟ್ಟೆ, ಎಲ್ಲರೂ ಅಕ್ಕಂದಿರೇ.

ಊಟದ ಕೋಣೆಯ ಗೋಡೆಯ ಮೇಲೆ ಎತ್ತರದಲ್ಲಿ ಒಂದು ಹಲಗೆ, ಅದಕ್ಕೆ ಒಂಬತ್ತು ಮೊಳೆ, ಒಬ್ಬೊಬ್ಬ ಅಕ್ಕನಿಗೆ ಒಂದೊಂದು. ಸೋಮವಾರ ಮುಂಜಾನೆ ಹಿರಿಯಕ್ಕ ಡಬ್ಬಿಯಿಂದ ಮರದ ಬಿಲ್ಲೆಗಳನ್ನು ತೆಗೆದು ಮೊಳೆಗಳಿಗೆ ತಗುಲಿಸುತ್ತಿದ್ದಳು. ಒಲೆ, ಬಟ್ಟೆ, ಗಂಟೆ, ತೋಟ, ಹೀಗೆ ಎಂಟು. ಬಿಲ್ಲೆ ಸಿಗದ ಒಬ್ಬಳಿಗೆ ಆ ವಾರ ವಿರಾಮ. ಸೋಮವಾರ ಸಂಜೆಯ ಪ್ರಾರ್ಥನೆ ಮುಗಿಯುವ ತನಕ ಯಾರೂ ಬಾಯಿ ಬಿಡುವಂತಿರಲಿಲ್ಲ. ಹಾಗಾಗಿ ತಕರಾರಿಗೆ ಜಾಗವೇ ಇರಲಿಲ್ಲ.

ಚೂಟಿಯ ತಲೆ ಬಾಚಿ, ಶಾಲೆಗೆ ಬಿಟ್ಟು, ಕರೆತರುವ ಅಕ್ಕ ಮಾತ್ರ ವಾರವಾರವೂ ಬದಲಾಗುತ್ತಿದ್ದಳು. ಒಬ್ಬಳ ಕೈ ಹತ್ತಿಯಂತೆ, ಇನ್ನೊಬ್ಬಳದು ಥೇಟ್ ಗರಗಸ. ಒಬ್ಬಳಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಮತ್ತೊಬ್ಬಳು ಬಂದು ನಿಲ್ಲುತ್ತಿದ್ದಳು. ಯಾಕೆ ಹೀಗೆ ಎಂದು ಎರಡು ವರ್ಷವಾದರೂ ಅವಳಿಗೆ ತಲೆಬುಡ ತಿಳಿಯಲಿಲ್ಲ. ಒಂದು ಭಾನುವಾರ ಕುರ್ಚಿ ಹತ್ತಿ ಹಲಗೆ ಓದಿದಳು. ಬಟ್ಟೆಗೂ ತೋಟಕ್ಕೂ ನಡುವೆ ಒಂದು ಬಿಲ್ಲೆ ಇತ್ತು: ಮಗು.

ಹಾಗಾದರೆ ಜಡೆ ಹಾಕಿ ನೆತ್ತಿಗೆ ಕೊಟ್ಟ ಮುತ್ತೂ ಪಾಲಿಗೆ ಬಂದ ಕೆಲಸವೇ? ಬಿಲ್ಲೆ ಇಲ್ಲದಿದ್ದರೆ ಇವರಲ್ಲಿ ಒಬ್ಬಳಾದರೂ ತನ್ನತ್ತ ತಿರುಗಿ ನೋಡುತ್ತಾಳೆಯೇ? ಕೇಳೋಣವೆಂದರೆ ಯಾರನ್ನು ಕೇಳುವುದು? ಅವಳು ಬಿಲ್ಲೆಯನ್ನು ಬಿಚ್ಚಿ ಶಾಲೆಯ ಚೀಲದ ತಳಕ್ಕೆ ತುರುಕಿದಳು.

ಹಿರಿಯಕ್ಕನ ಕಣ್ಣು ಮಂಜು. ಮರುದಿನ ಮುಂಜಾನೆ ಡಬ್ಬಿ ಖಾಲಿಯಾಗುವ ತನಕ ತಗುಲಿಸಿ ಹೋದಳು. ಮೊಳೆ ಖಾಲಿ ಉಳಿದ ಇಬ್ಬರೂ ವಿರಾಮ ತಮ್ಮದೆಂದು ಖುಷಿಪಟ್ಟರು. ಚೂಟಿ ಬಾಚಣಿಗೆ ಹಿಡಿದು ಮೆಟ್ಟಿಲ ಮೇಲೆ ಕಾದೇ ಕಾದಳು. ಯಾರೂ ಬರಲಿಲ್ಲ. ಕೊನೆಗೆ ಕೆದರಿದ ತಲೆಯಲ್ಲೇ ಒಬ್ಬಳೇ ಶಾಲೆಗೆ ನಡೆದಳು.

"ಏನೇ ಇದು ಅವತಾರ? ಮನೇಲಿ ಯಾರೂ ಇಲ್ವಾ?" ಎಂದರು ಟೀಚರ್.

"ಗೊತ್ತಿಲ್ಲ ಟೀಚರ್," ಎಂದಳು ಚೂಟಿ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಶಾಲೆ ಬಿಟ್ಟಾಗ ಗೇಟಿನ ಬಳಿ ಒಬ್ಬ ಅಕ್ಕ ನಿಂತಿದ್ದಳು, ಮೊಣಕೈ ತನಕ ಸೋಪಿನ ನೊರೆ. ಅಷ್ಟರಲ್ಲಿ ಇನ್ನೊಂದು ಬೀದಿಯಿಂದ ಮಣ್ಣು ಮೆತ್ತಿದ ಕಾಲಿನ ಅಕ್ಕ ಬಂದಳು. ಆಮೇಲೆ ಒಲೆಯ ಅಕ್ಕ, ಕೈಯಲ್ಲಿ ಸೌಟು. ಹಗಲೆಲ್ಲ ಒಬ್ಬೊಬ್ಬಳೂ ಹಲಗೆಯ ಮುಂದೆ ಹಾದುಹೋಗುವಾಗ ಮಗುವಿನ ಬಿಲ್ಲೆ ಕಾಣದೆ ಗಾಬರಿಯಾಗಿದ್ದಳು. ಕೇಳೋಣವೆಂದರೆ ಮೌನ. ಶಾಲೆ ಬಿಡುವ ಹೊತ್ತಾಗುತ್ತಲೇ ಒಬ್ಬರಿಗೊಬ್ಬರು ತಿಳಿಯದಂತೆ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿದ್ದರು. ಉಳಿದವರೂ ಒಬ್ಬೊಬ್ಬರಾಗಿ ಬಂದು, ಕೊನೆಗೆ ಹಿರಿಯಕ್ಕನೂ ಬಂದಳು, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಯಾರದೋ. ಒಂಬತ್ತೂ ಜನ ಪಿಟ್ಟೆನ್ನದೆ ಮುಖ ಮುಖ ನೋಡಿಕೊಂಡರು. ಚೂಟಿ ಕಕ್ಕಾಬಿಕ್ಕಿಯಾದಳು. ಇಷ್ಟು ಕೈಗಳಲ್ಲಿ ಯಾವುದನ್ನು ಹಿಡಿಯುವುದು?

ಮನೆಗೆ ಬಂದರೆ ಹಾಲು ಉಕ್ಕಿ ಪಾತ್ರೆ ಇದ್ದಿಲಾಗಿತ್ತು, ನಲ್ಲಿಯ ನೀರು ಅಂಗಳಕ್ಕೆ ಹರಿದಿತ್ತು. ಗಂಟೆಯೂ ಹೊಡೆದಿರಲಿಲ್ಲ. ದೇವರು ಅವತ್ತು ಅರ್ಧ ಗಂಟೆ ಕಾಯಬೇಕಾಯಿತು.

ಪ್ರಾರ್ಥನೆ ಮುಗಿದದ್ದೇ ಚೂಟಿ ಬಿಲ್ಲೆಯನ್ನು ಹಿರಿಯಕ್ಕನ ಕೈಗಿಟ್ಟಳು. "ನಾನೂ ಒಂದು ಕೆಲಸನಾ ಹಿರಿಯಕ್ಕಾ?"

"ಹೂಂ. ಕೆಲಸಾನೇ."

ಹುಡುಗಿಯ ಕಣ್ಣು ತುಂಬಿತು. "ಮತ್ತೆ ಇವತ್ತು ಬಿಲ್ಲೆ ಇರ್ಲಿಲ್ವಲ್ಲ, ಯಾಕೆ ಬಂದ್ರಿ ಎಲ್ರೂ?"

ಹಿರಿಯಕ್ಕ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅದೇ ನಂಗೂ ಅರ್ಥ ಆಗ್ತಿಲ್ಲ ಕಣೇ. ಪಾಲಿಗೆ ಬರ್ದೇ ಇರೋ ಕೆಲ್ಸಕ್ಕೆ ಕೈ ಹಾಕೋದು ಇಲ್ಲಿ ತಪ್ಪು. ಒಂಬತ್ತೂ ಜನ ತಪ್ಪು ಮಾಡಿದೀವಿ."

"ಅದೆಲ್ಲ ಇರ್ಲಿ, ಆ ಪಾತ್ರೆ ಯಾರು ಉಜ್ಜೋದು?" ಎಂದಳು ಒಲೆಯ ಅಕ್ಕ.

ಉಜ್ಜಿದ್ದು ಚೂಟಿಯೇ, ಮೂರು ದಿನ.

ಮುಂದಿನ ಸೋಮವಾರ ಹಲಗೆಯಲ್ಲಿ ಹತ್ತನೆಯ ಮೊಳೆಯೊಂದಿತ್ತು, ಕೈಗೆಟಕುವಷ್ಟು ಕೆಳಗೆ. ಅದಕ್ಕೆ ಗಂಟೆಯ ಬಿಲ್ಲೆ ತೂಗುತ್ತಿತ್ತು. ಮಗು ಎಂಬ ಬಿಲ್ಲೆ ಎಲ್ಲೂ ಇರಲಿಲ್ಲ. ಇದು ಶಿಕ್ಷೆಯೋ ಮರ್ಯಾದೆಯೋ ತಿಳಿಯದೆ ಅವಳು ಗಂಟೆ ಹೊಡೆದು, ಬಾಚಣಿಗೆ ಹಿಡಿದು ಮೆಟ್ಟಿಲ ಮೇಲೆ ಕೂತಳು. ಇವತ್ತು ತನ್ನ ತಲೆ ಯಾರ ಕೆಲಸವೂ ಅಲ್ಲ. ತಾನೇ ಬಾಚಿಕೊಳ್ಳಬೇಕೋ ಏನೋ.

ಹಿಂದಿನಿಂದ ಯಾರೋ ಬಾಚಣಿಗೆ ತೆಗೆದುಕೊಂಡರು. ಹತ್ತಿಯಂಥ ಕೈಯೂ ಅಲ್ಲ, ಗರಗಸವೂ ಅಲ್ಲ. ಅರ್ಧ ಜಡೆಯಾಗುವಷ್ಟರಲ್ಲಿ ಕೈ ಬದಲಾದ ಹಾಗಾಯಿತು. ಚೂಟಿ ತಿರುಗಿ ನೋಡಲಿಲ್ಲ.