ಮಾಯವ್ವ ಕಿವಿ ಮುಚ್ಚಿಕೊಂಡು ಹಾಡಿದ ಬೀಗರ ಪದ

ನಮ್ಮ ಅತ್ತೆ ಮಾಯವ್ವನವರ ದನಿಗೆ ಸಣ್ಣದು ಎಂಬ ಹಂತವೇ ಇಲ್ಲ. ಮೂಡಲಗಿಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಮದುವೆಯಾಗುವ ತನಕ ಹೊಲದ ಈ ತುದಿಯಲ್ಲಿ ನಿಂತು ಆ ತುದಿಯ ಕುರಿಗಳನ್ನು ಕರೆದೇ ಬೆಳೆದವರು. ಈಗ ಗೋಕಾಕದ ನಮ್ಮ ಮನೆಯಲ್ಲಿ, ಎದುರಿಗೇ ಕುಳಿತ ಮಾವನವರಿಗೆ "ಚಾ ಆರಾಕತ್ತೈತ್ರಿ" ಎಂದರೂ ಅದು ಓಣಿಯ ತುದಿಯ ಕಿರಾಣಿ ಅಂಗಡಿಯವರೆಗೆ ಹೋಗುತ್ತದೆ. ಅಂಗಡಿಯ ಶುಭಮ್ ಅಲ್ಲಿಂದಲೇ "ಲಗೂ ಕುಡೀರಿ ಕಾಕಾ" ಎಂದು ಕೂಗುತ್ತಾನೆ.

ನಾನು ಬೆಳಗಾವಿಯಲ್ಲಿ ಕಲಿತವಳು. ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡುವ ತವರು ನನ್ನದು. ನನ್ನ ಎಂಟು ತಿಂಗಳ ಕೂಸಿನ ಕಿವಿ ಎಷ್ಟು ಸಪ್ಪಳ ತಡೆಯುತ್ತದೆ ಎಂದು ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದಿ, ಓದಿದಷ್ಟೂ ಹೆದರಿಕೊಂಡು ಕೂತಿರುತ್ತಿದ್ದೆ. ಕೂಸಿಗೆ ಮಾತ್ರ ಅಜ್ಜಿಯ ದನಿ ಇದ್ದರೇ ನಿದ್ದೆ. ಮನೆ ಶಾಂತವಾಯಿತೋ, ಕಣ್ಣು ಬಿಟ್ಟು ಅಳಲು ಸುರು.

ಇಂಥ ದನಿಯ ಮಾಯವ್ವನವರ ಬಾಯನ್ನು ಒಮ್ಮೆ ಒಬ್ಬರು ಮುಚ್ಚಿಸಿದ್ದರು. ಹುಕ್ಕೇರಿಯ ಅಲ್ಲವ್ವ.

ನಮ್ಮ ಕಡೆ ಮದುವೆಯಲ್ಲಿ ಊಟಕ್ಕೆ ಮೊದಲು ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎದುರಾಬದರು ಕುಳಿತು ಒಬ್ಬರನ್ನೊಬ್ಬರು ಗೇಲಿ ಮಾಡಿ ಬೀಗರ ಪದ ಹಾಡುತ್ತಾರೆ. ಒಂದು ಕಡೆಯ ಪದಕ್ಕೆ ಇನ್ನೊಂದು ಕಡೆ ಪದದಲ್ಲೇ ಉತ್ತರ ಕೊಡಬೇಕು. ಉತ್ತರ ಬಾರದವರು ಸೋತಂತೆ. ಸೋತವರು ಗೆದ್ದವರ ಬಾಯಿಗೆ ಸಕ್ಕರೆ ಹಾಕಬೇಕು. ಹಿಂದೆ ಹುಕ್ಕೇರಿಯ ಒಂದು ಮದುವೆಯಲ್ಲಿ ಅಲ್ಲವ್ವ, "ಈ ಬೀಗತಿ ಹಾಡಿದರ ಕುರಿ ಓಡಿ ಬರತಾವ, ಮಂದಿ ಓಡಿ ಹೋಗತಾರ" ಎಂಬರ್ಥದ ಪದ ಕಟ್ಟಿ ಹಾಡಿದರಂತೆ. ಮಂದಿ ಎಷ್ಟು ನಕ್ಕರೆಂದರೆ, ಅತ್ತೆಗೆ ಉತ್ತರವೇ ಹೊಳೆಯಲಿಲ್ಲ. ಸಕ್ಕರೆ ಹಾಕಿ ಬಂದರು. ಅಂದಿನಿಂದ ಆ ಕಡೆಯ ಯಾರು ಸಿಕ್ಕರೂ ಮೊದಲ ಮಾತು, "ಉತ್ತರ ಸಿಕ್ಕತೇನ್ರಿ ಮಾಯವ್ವಾ?"

ಈ ಸಲ ಅತ್ತೆಯ ತಮ್ಮ ಈಶ್ವರ ಮಾವನ ಮಗಳ ಮದುವೆ ಗೊತ್ತಾಯಿತು. ಮದುವೆ ಮೂಡಲಗಿಯಲ್ಲಿ, ಗಂಡು ಹುಕ್ಕೇರಿಯವನು. ಗಂಡಿನ ದೊಡ್ಡವ್ವನೇ ಅಲ್ಲವ್ವ.

"ಈ ಸಲ ಆಕಿ ಕೈಲೆ ಸಕ್ಕರಿ ತಿನ್ನಲಿಲ್ಲಂದ್ರ ನಾ ಮೂಡಲಗಿ ಮಗಳ ಅಲ್ಲ," ಅಂದರು ಅತ್ತೆ. ಅದೂ ಓಣಿಗೆಲ್ಲ ಕೇಳಿಸಿತು.

ಆಯುಧ ಮನೆಯಲ್ಲೇ ಇತ್ತು. ಅತ್ತೆಯ ಮದುವೆಯಲ್ಲಿ ಅವರ ಚಿಗವ್ವ ಹಾಡಿದ್ದ ಬೀಗರ ಪದ ಒಂದು ಹಳೆಯ ಕ್ಯಾಸೆಟ್ಟಿನಲ್ಲಿತ್ತು. ಊರ ಹೆಸರು ಬದಲಿಸಿದರೆ ಯಾವ ಬೀಗರಿಗಾದರೂ ಹತ್ತುವ ಪದ. ಅದರಲ್ಲಿ ಬೈಸಿಕೊಂಡವರು ನಮ್ಮ ಮಾವ ಅಣ್ಣಾಸಾಹೇಬರ ಮಂದಿಯೇ. ಆದರೂ ಅದನ್ನು ಜ್ವಾಕಿಯಿಂದ ಇಟ್ಟವರು ಮಾವನವರು.

ಅದನ್ನು ಕೇಳಲು ಇದ್ದದ್ದು ಮಾವನವರ ಸ್ಟೀರಿಯೋ ರಿಸೀವರ್. ಹಿಡಕಲ್ ಡ್ಯಾಮಿನಲ್ಲಿ ನೌಕರಿಗಿದ್ದಾಗ, ವರ್ಗವಾಗಿ ಹೋದ ಎಂಜಿನಿಯರ್ ಸಾಹೇಬರೊಬ್ಬರು ಕಾಲನಿ ಬಿಡುವಾಗ ಕೊಟ್ಟು ಹೋದದ್ದು. ಕಟ್ಟಿಗೆಯ ಪೆಟ್ಟಿಗೆ, ಬೆಳ್ಳಿ ಬಣ್ಣದ ಮುಖ, ಹಚ್ಚಿದರೆ ಹಸಿರು ಬೆಳಕು ಬರುವ ರೇಡಿಯೋ ಗಾಜು, ಲಿಂಬೆಹಣ್ಣಿನಷ್ಟು ದಪ್ಪ ಗುಂಡಿಗಳು. ಹಿಂದೆ ಟೇಪ್ ಮಷೀನಿನ ವಯರು, ಎರಡು ಬಾಜೂ ಎರಡು ದೊಡ್ಡ ಸ್ಪೀಕರು.

ತೊಂದರೆ ಏನೆಂದರೆ ಆ ಟೇಪು ಸವೆದಿತ್ತು. ದನಿ ಸಣ್ಣಗೆ ಇಟ್ಟರೆ ಬರೀ ಸರ್ ಎನ್ನುವ ಸಪ್ಪಳ, ಯಾರದೋ ಕೂಸಿನ ಅಳು, ತಾಟು ಬಿದ್ದ ಸದ್ದು. ಶಬ್ದ ತಿಳಿಯುವಷ್ಟು ದೊಡ್ಡದು ಮಾಡಿದರೆ ಬಾಜೂ ಮನೆಗೆ ಕೇಳಿಸುತ್ತಿತ್ತು. ಬಾಜೂ ಮನೆಯ ದ್ರಾಕ್ಷಾಯಿಣಿ ಅಲ್ಲವ್ವನ ಸ್ವಂತ ತಂಗಿ. ನಮ್ಮೆರಡು ಮನೆಗೆ ನಡುವೆ ಒಂದೇ ಗೋಡೆ. ಪದ ಮೊದಲೇ ಗೊತ್ತಾದರೆ ಅಲ್ಲವ್ವ ಉತ್ತರ ಕಟ್ಟಿಕೊಂಡೇ ಬರುತ್ತಾರೆ.

"ಹೆಡ್‌ಫೋನ್ ಹಾಕ್ಕೊಂಡ ಕೇಳ್ರಿ ಅತ್ತಿ," ಅಂದೆ ನಾನು. ಕಾಲೇಜಿನ ದಿನಗಳಲ್ಲಿ ಕೊಂಡ, ಕಿವಿಯನ್ನು ಪೂರಾ ಮುಚ್ಚುವ ದೊಡ್ಡ ಹೆಡ್‌ಫೋನ್ ನನ್ನ ಪೆಟ್ಟಿಗೆಯಲ್ಲಿ ಹಾಗೇ ಇತ್ತು. ರಿಸೀವರಿನ ಮುಖದ ಮೇಲೆ ಅದಕ್ಕಾಗಿಯೇ ಒಂದು ತೂತಿತ್ತು. ಆದರೆ ನನ್ನದರ ಪಿನ್ನು ಸಣ್ಣದು, ತೂತು ದೊಡ್ಡದು. ಮಾವನವರು ಪ್ಯಾಟಿಗೆ ಹೋಗಿ, ರೇಡಿಯೋ ರಿಪೇರಿಯವನ ಡಬ್ಬಿಯೆಲ್ಲ ಹುಡುಕಿಸಿ, ನಡುವೆ ಸಿಕ್ಕಿಸುವ ದಪ್ಪ ಪಿನ್ನು ತಂದರು.

ಹಳೇ ಮಷೀನು, ಕರೆಂಟು ಹೊಡೆದೀತೆ? ಗುಂಡಿ ಒಮ್ಮೆಲೇ ತಿರುಗಿ ಅತ್ತೆಯ ಕಿವಿ ಹೋದೀತೆ? ಕೂಸು ವಯರು ಜಗ್ಗೀತೆ? ನಾನು ಸ್ಪೀಕರಿನ ಸ್ವಿಚ್ಚು ಬಂದ್ ಮಾಡಿ, ದನಿಯ ಗುಂಡಿಯನ್ನು ಪೂರಾ ಕೆಳಗಿಳಿಸಿ, ಹೆಡ್‌ಫೋನನ್ನು ಮೊದಲು ನನ್ನ ಕಿವಿಗೇ ಹಾಕಿಕೊಂಡು ನೋಡಿದೆ. ಗುಂಡಿಯನ್ನು ತುಸುವೇ ತಿರುಗಿಸಿದೆ.

ಇಂಥದ್ದು ನಾನು ಎಣಿಸಿರಲಿಲ್ಲ. ಮೊಬೈಲಿಗೆ ಹಚ್ಚಿದಾಗ ಎಂದೂ ಹೀಗೆ ತುಂಬಿಕೊಂಡು ಬಂದಿರದ ದನಿ. ಸರ್ ಸಪ್ಪಳವನ್ನು ಒಂದು ಗುಂಡಿಯಿಂದ ಕಡಿಮೆ ಮಾಡಿದೆ. ಅಳುವ ಕೂಸು, ತಾಟು ಎಲ್ಲ ಬಲಗಿವಿಯಲ್ಲಿದ್ದವು. ಬ್ಯಾಲೆನ್ಸ್ ಗುಂಡಿಯನ್ನು ಎಡಕ್ಕೆ ತಿರುಗಿಸಿದೊಡನೆ ಅವು ದೂರ ಸರಿದು, ಚಿಗವ್ವನ ದನಿ ಒಂದೇ ಉಳಿಯಿತು. ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತಿತ್ತು.

ಅತ್ತೆಯ ತಲೆಗೆ ಹಾಕಿದೆ. ಅವರು ಸೆರಗನ್ನು ಹಿಡಿದುಕೊಂಡು ಕುಳಿತರು. ಆಮೇಲೆ ಕಣ್ಣು ದೊಡ್ಡದು ಮಾಡಿ ಕೂಗಿದರು: "ಯವ್ವಾ! ಚಿಗವ್ವ ನನ್ನ ಬಾಜೂಕ ಕುಂತಾಳಬೇ!"

ಮೊದಲ ನುಡಿ ಸಿಕ್ಕಿತು. ಊರ ಹೆಸರು ಬದಲಿಸಿಕೊಂಡೆವು:

"ಹುಕ್ಕೇರಿ ಬೀಗರು ಹೊತ್ತೇರಿ ಬಂದಾರ
ಹತ್ತು ಮಂದೀಗಿ ಒಂದ ಚಾದಾರ, ಬೀಗತಿ
ಸುತ್ತಿಕೊಂಡು ಮುಂದ ಕುಂತಾಳ"

ದಿನಾ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಹಸಿರು ಬೆಳಕಿನ ಎದುರು ಚಾಪೆ ಹಾಸಿ, ಹೆಡ್‌ಫೋನ್ ಏರಿಸಿ ಕೂರತೊಡಗಿದರು. ಟೇಪಿನ ಜೊತೆ ತಾವೂ ಹಾಡುತ್ತಿದ್ದರು. ಆ ಹೊತ್ತಿನಲ್ಲಿ ಕೂಸಿಗೆ ಎಂಥಾ ನಿದ್ದೆ! ಕೂಸು ಮಲಗಿತಲ್ಲ ಎಂಬ ಖುಷಿಯಲ್ಲಿ ನಾನೂ ಮಲಗಿಬಿಡುತ್ತಿದ್ದೆ. ಅತ್ತೆಯ ದನಿ ಮನೆಯಲ್ಲಿ ಯಾವಾಗಲೂ ಇರುವಂಥದ್ದೇ. ಅದು ಇದೆ ಎಂಬುದೂ ನನಗೆ ಹೊಳೆಯುತ್ತಿರಲಿಲ್ಲ.

ಹೊಳೆದದ್ದು ಕೂಸಿಗೆ ಸೂಜಿ ಹಾಕಿಸಿಕೊಂಡು ಬಂದ ದಿನ. ಜ್ವರ ಬಂದೀತೆಂದು ಕೂಸಿನ ಹಣೆ ಮುಟ್ಟುತ್ತ ಓಣಿಗೆ ತಿರುಗಿದರೆ, ಕಿರಾಣಿ ಅಂಗಡಿಯ ಹತ್ತಿರವೇ "ಹುಕ್ಕೇರಿ ಬೀಗರು" ಎದುರಾದರು. ಒಂದೊಂದು ಶಬ್ದವೂ ಸ್ಪಷ್ಟ. ಶುಭಮ್ ತಾಳ ಹಾಕುತ್ತ ಸಕ್ಕರೆ ಕಟ್ಟುತ್ತಿದ್ದ. ಓಡುವ ಹಾಗೆ ಬಂದೆ. ದ್ರಾಕ್ಷಾಯಿಣಿ ತಮ್ಮ ಕಟ್ಟೆಯ ಮೇಲೆ ಕುಳಿತು, ಮೊಬೈಲನ್ನು ನಮ್ಮ ಕಿಡಕಿಯ ಕಡೆ ಹಿಡಿದಿದ್ದರು. ನನ್ನನ್ನು ಕಂಡವರೇ ಅದನ್ನು ಸೆರಗಿನೊಳಗೆ ಸೇರಿಸಿ, "ಬಂದ್ರೇನ್ರಿ? ಕೂಸಿಗಿ ಭಾಳ ನೋವಾತೇನ್ರಿ?" ಅಂದರು.

ಸೆರಗಿನೊಳಗಿಂದ ಅಲ್ಲವ್ವನ ದನಿ ಬಂತು: "ಇನ್ನೊಂದ ಸಲ ಕೇಳಸಬೇ ದ್ರಾಕ್ಷಿ, ಕಡೀ ಸಾಲ ತಿಳೀಲಿಲ್ಲ!"

ನಾನು ಒಳಗೆ ಹೋಗಿ ಅತ್ತೆಯ ಒಂದು ಕಿವಿ ಬಿಚ್ಚಿದೆ.

"ಅತ್ತಿ, ಹಾಡಬ್ಯಾಡ್ರಿ!"

"ನಾ ಎಲ್ಲಿ ಹಾಡಾಕತ್ತೇನಿ? ಮನಸ್ನ್ಯಾಗ ಅನ್ಕೊಳ್ಳಾಕತ್ತೇನಿ."

"ಮನಸ್ನ್ಯಾಗ ಅಲ್ರಿ, ಓಣ್ಯಾಗ! ಅಲ್ಲವ್ವಾರ ಹುಕ್ಕೇರಿಯಾಗ ಕುಂತ ಕೇಳಾಕತ್ತಾರ!"

ಕಿವಿ ಮುಚ್ಚಿದ್ದರಿಂದ ತಮ್ಮ ದನಿ ತಮಗೇ ಕೇಳಿಸಿರಲಿಲ್ಲ. ತಾವು ಗುಟ್ಟಾಗಿ ಗುನುಗುತ್ತಿದ್ದೇವೆಂದೇ ಅವರು ತಿಳಿದಿದ್ದರು. ಅತ್ತೆ ಮೆಲ್ಲಗೆ ಮಾವನವರ ಕಡೆ ತಿರುಗಿದರು. ಮಾವನವರು ಪೇಪರಿನ ಹಿಂದೆ ಮುಖ ಮರೆಸಿಕೊಂಡಿದ್ದರು. ಪೇಪರು ಅಲುಗುತ್ತಿತ್ತು.

"ನಿಮಗ ಗೊತ್ತಿತ್ತೇನ್ರಿ?"

"ನಂಗಷ್ಟ ಏನ, ಬಸ್ ಸ್ಟ್ಯಾಂಡಿನ ಮಂದೀಗೂ ಗೊತ್ತೈತಿ. ಅತ್ತಿ-ಸ್ವಸಿ ಕೂಡಿ ಏನೋ ಗುಪ್ತ ಕೆಲಸ ನಡಸ್ಯಾರ, ನಾ ಯಾಕ ನಡುವ ಬಾಯಿ ಹಾಕ್ಲಿ ಅಂತ ಸುಮ್ಕಿದ್ದೆ."

ಅತ್ತೆ ಹೆಡ್‌ಫೋನನ್ನು ಕೆಳಗಿಟ್ಟರು. ಆ ಸಂಜೆ ಚಹಾ ಕುಡಿಯಲಿಲ್ಲ, ಮಾತೂ ಆಡಲಿಲ್ಲ. ಮನೆ ಶಾಂತವಾಯಿತು. ಕೂಸು ಅಳತೊಡಗಿತು. ಸೂಜಿಯಿಂದಲೋ, ಅಜ್ಜಿಯ ದನಿ ಇಲ್ಲದ್ದಕ್ಕೋ ತಿಳಿಯದೆ ನಾನೂ ಅಳುವ ಹಂತಕ್ಕೆ ಬಂದೆ. ಹೆಡ್‌ಫೋನ್ ಕೊಟ್ಟವಳು ನಾನೇ ಅಲ್ಲವೇ? ಈಗ ಅತ್ತೆ ಮತ್ತೆ ಮಂದಿಯ ಮುಂದೆ ಸೋತರೆ?

ಅತ್ತೆ ಕೂಸನ್ನು ಎತ್ತಿಕೊಂಡು ಬಹಳ ಹೊತ್ತು ತಿರುಗಾಡಿದರು. ಆಮೇಲೆ ನನ್ನ ಹತ್ತಿರ ಕುಳಿತು, ಅವರ ಮಟ್ಟಿಗೆ ಪಿಸುಮಾತು ಎನ್ನಬಹುದಾದ ದನಿಯಲ್ಲಿ ಕೇಳಿದರು: "ಟೇಪಿನ್ಯಾಗ ಎಷ್ಟ ನುಡಿ ಕಲತೇನಿ ನಾ?"

"ಎರಡ್ರಿ. ಮೂರನೇದು ಇನ್ನಾ ಐತಿ."

"ಎರಡ ಹೋದ್ರ ಹೋಗಲಿ. ಮೂರನೇದ ಹೋಗಬಾರದು. ಆದ್ರ ದ್ರಾಕ್ಷಾಯಿಣೀನೂ ಬರೇ ಕಿವೀಲೆ ಕೂಡಬಾರದು, ಪಾಪ."

ಮರುದಿನ ಮಧ್ಯಾಹ್ನ ಅತ್ತೆ ಚಾಪೆಯನ್ನು ಗೋಡೆಯ ಹತ್ತಿರಕ್ಕೇ ಎಳೆದುಕೊಂಡರು. ಹೆಡ್‌ಫೋನ್ ಹಾಕಿಕೊಂಡರು. ರಿಸೀವರ್ ಹಚ್ಚಲೇ ಇಲ್ಲ. ಚಿಗವ್ವ ಎಂದೂ ಹಾಡಿರದ, ತಾವೇ ಆಗ ಕಟ್ಟಿದ ಒಂದು ನುಡಿಯನ್ನು ಎತ್ತಿ ಹಾಡಿದರು:

"ಹೋಳೀಗಿ ನೀಡಿದರ ಹೊಟ್ಟೀಗಿ ಸಾಲಲಿಲ್ಲ
ಬೋಳ ಬೋಗೋಣಿ ನುಂಗ್ಯಾರ, ಬೀಗರು
ನಾಳೀಗೂ ಕಟಗೊಂಡು ಹೋಗ್ಯಾರ"

ಮತ್ತೆ ಮತ್ತೆ ಹಾಡಿದರು. ನಡುನಡುವೆ ತಡವರಿಸಿ, "ಚಿಗವ್ವ, ಇಲ್ಲಿ ಏನಂದ್ಯವ್ವಾ?" ಎಂದು ಟೇಪಿನೊಡನೆ ಮಾತಾಡಿದಂತೆಯೂ ಮಾಡಿದರು. ಕಿಡಕಿಯಾಚೆ ಬಳೆಯ ಸದ್ದಾಯಿತು. "ಇದು ಬರೋಬರಿ ಅಲ್ಲ ಅನಸ್ತೈತ್ರಿ ಅತ್ತಿ," ಎಂದು ನಾನು ಗಾಬರಿಯಾದೆ. "ನಾ ನನ್ನ ಮನ್ಯಾಗ ಹಾಡೇನಿ. ಅಕಿ ಅಕಿ ಕಟ್ಟಿ ಮ್ಯಾಲ ಕುಂತ ಕೇಳ್ಯಾಳ. ಬರೋಬರಿ ಅಲ್ಲದ್ದು ಏನೈತಿ ಇದರಾಗ?" ಅಂದರು ಅತ್ತೆ.

ಖರೆ ಪದ ಕಲಿಯುವ ಹೊತ್ತಿಗೆ ರಿಸೀವರ್ ಹಚ್ಚಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಅವರ ತುಟಿಯಿಂದ ದನಿ ಹೊರಟ ಕೂಡಲೇ ನಾನು ಮೊಣಕಾಲಿಗೆ ತಟ್ಟಬೇಕು. ತಟ್ಟಿ ತಟ್ಟಿ ನನ್ನ ಕೈ ನೋಯುತ್ತಿತ್ತು. ಹೊರಗೆ ಮುಚ್ಚಿದ ಬಾಯಿ, ಒಳಗೆ ಕುಣಿಯುವ ಪದ. ಅತ್ತೆಯ ಹುಬ್ಬು, ಕೊರಳು, ಹೆಗಲು ಎಲ್ಲ ಹಾಡುತ್ತಿದ್ದವು. ಮಾವನವರು ಪೇಪರನ್ನು ಕೆಳಗಿಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದರು.

ಮೂಡಲಗಿಯ ಮದುವೆ ಚಪ್ಪರದಲ್ಲಿ ಹೆಂಗಸರು ಎದುರಾಬದರು ಕುಳಿತರು. ನಡುವೆ ತಾಟಿನಲ್ಲಿ ಸಕ್ಕರೆ. ಅಲ್ಲವ್ವ ಎತ್ತರದ ಆಳು, ಹಣೆ ತುಂಬ ಕುಂಕುಮ. ದ್ರಾಕ್ಷಾಯಿಣಿ ಅವರ ಬೆನ್ನಿಗೆ.

ಅತ್ತೆ ಮೊದಲ ನುಡಿ ಹಾಡಿದರು, ಚಾದರದ್ದು. ಅಲ್ಲವ್ವನ ಉತ್ತರ ತಯಾರಾಗಿಯೇ ಇತ್ತು. ಎರಡನೆಯದು ಹಾಡಿದರು. ಅದಕ್ಕೂ ಉತ್ತರ ಬಂತು, ಮಂದಿ ಹೋ ಎಂದರು. ಹುಕ್ಕೇರಿಯವರು ಆಗಲೇ ಸಕ್ಕರೆಯ ಕಡೆ ನೋಡತೊಡಗಿದ್ದರು. ಅತ್ತೆ ಸೆರಗು ಸಿಕ್ಕಿಸಿ, ಮೂರನೆಯದನ್ನು ಎತ್ತಿದರು. ಗಂಡಿನ ಹಣೆಗೆ ಕಟ್ಟುವ ಬಾಸಿಂಗದ ನುಡಿ:

"ಮೀಸೀಯ ತಿರುವ್ಯಾನ ಬೀಗಪ್ಪ ಬಾಗಲದಾಗ
ಬಾಸಿಂಗ ಮನಿಯಾಗ ಮರತಾನ, ಬೀಗತಿ
ಹಾಸೀಗಿ ಮರೀದ ತಂದಾಳ"

ಚಪ್ಪರ ಬಿದ್ದುಹೋಗುವ ಹಾಗೆ ನಕ್ಕರು. ಗಂಡಿನ ಅಪ್ಪ ಮೀಸೆಯ ಮೇಲಿದ್ದ ಕೈಯನ್ನು ಥಟ್ಟನೆ ಇಳಿಸಿದರು. ಗಂಡಸರ ಸಾಲಿನಿಂದ ನಮ್ಮ ಮಾವನವರು, "ಆ ಹಾಸೀಗಿ ತಂದಾಕಿ ನಮ್ಮವ್ವ!" ಎಂದು ಕೂಗಿದರು.

ಅಲ್ಲವ್ವ ತಂಗಿಯ ಕಡೆ ನೋಡಿದರು. ದ್ರಾಕ್ಷಾಯಿಣಿ ಏನೋ ಕಿವಿಯಲ್ಲಿ ಹೇಳಿದರು. ಅಲ್ಲವ್ವ ಧೈರ್ಯ ಮಾಡಿ, ಕಟ್ಟಿಕೊಂಡು ಬಂದಿದ್ದ ಉತ್ತರವನ್ನೇ ಹಾಡಿಬಿಟ್ಟರು:

"ಬೋಗೋಣಿ ನುಂಗಿಲ್ಲ ಬೀಗತಿ ಕೇಳವ್ವ
ಹೋಳಿಗ್ಯಾಗ ಹೂರಣ ಇರಲಿಲ್ಲ, ಅದಕಾಗಿ
ತಳದಾಗ ಹುಡುಕೇವಿ ಬೋಗೋಣಿ"

ಯಾರೂ ನಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೂಡಲಗಿಯ ಮುದುಕಿಯೊಬ್ಬರು ಕೇಳಿದರು: "ಬೋಗೋಣಿ ಸುದ್ದಿ ಯಾರ ತಗದ್ರಬೇ? ನಾವಿನ್ನಾ ಊಟಕ್ಕ ಕುಂತಿಲ್ಲ!"

"ನಾನ ತಗದಿದ್ದೆ," ಅಂದರು ಅತ್ತೆ, "ಆದ್ರ ಇಲ್ಲಿ ಅಲ್ಲ. ಗೋಕಾಕದಾಗ, ನಮ್ಮ ಮನ್ಯಾಗ, ಕಿವಿ ಮುಚಗೊಂಡು. ಅಲ್ಲವ್ವಾ, ಅಷ್ಟ ದೂರದ್ದು ನಿನಗ ಹೆಂಗ ಕೇಳಸ್ತಬೇ?"

ಮೊದಲು ನಕ್ಕವರು ಅಲ್ಲವ್ವನೇ. ತಂಗಿಯ ಬೆನ್ನಿಗೆ ಒಂದು ಗುದ್ದು ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಚಪ್ಪರಕ್ಕೆ ಚಪ್ಪರವೇ ನಕ್ಕಿತು. ದ್ರಾಕ್ಷಾಯಿಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನಂಗೇನ ಗೊತ್ತವ್ವಾ, ಅಕಿ ನಮಗ ಕೇಳಸಾಕಂತನ ಸುಳ್ಳ ಪದ ಹಾಡತಾಳಂತ," ಎನ್ನುತ್ತಿದ್ದರು.

ಅಲ್ಲವ್ವ ಎದ್ದು ಬಂದರು. ತಾಟಿನಿಂದ ಮುಷ್ಟಿ ತುಂಬ ಸಕ್ಕರೆ ತೆಗೆದು, "ಬಾಯಿ ತಗೀ ಬೀಗತಿ, ದೊಡ್ಡದಾಗಿ ತಗೀ," ಎಂದು ಒಂದು ಕಾಳೂ ಬಿಡದೆ ಅತ್ತೆಯ ಬಾಯಿಗೆ ಹಾಕಿದರು. ಅತ್ತೆಯ ಎರಡೂ ಗಲ್ಲ ಉಬ್ಬಿದವು. ಕಣ್ಣಲ್ಲಿ ನೀರು ತುಂಬಿತ್ತು, ಮುಖದ ತುಂಬ ನಗೆ.

ಆ ಬಾಯಿ ತುಂಬಿದ್ದನ್ನು ನೋಡಿದ್ದೇ ತಡ, ಅಲ್ಲವ್ವ ತಮ್ಮ ಸಾಲಿಗೆ ಹೋಗಿ ಕೂರುವ ತಾಳ್ಮೆಯೂ ಇಲ್ಲದೆ, ನಿಂತಲ್ಲೇ ಸೊಂಟಕ್ಕೆ ಕೈಯಿಟ್ಟು ಹೊಸ ಪದವೊಂದನ್ನು ಸುರು ಮಾಡಿದರು. ಅತ್ತೆ ಉತ್ತರ ಕೊಡಲಾರದೆ, ನುಂಗಲಾರದೆ, ಒಂದು ಕೈ ಮೇಲೆತ್ತಿ ತಡಿ, ತಡಿ ಎಂದು ಸನ್ನೆ ಮಾಡುತ್ತ, ಕರಕರ ಸಕ್ಕರೆ ಅಗಿಯತೊಡಗಿದರು.