ಸದ್ದಡಗಿದ ಕಮಾನು ಪಟ್ಟಿ

ಸೇಲಂ ಹತ್ತಿರದ ಕಡಯಂಪಟ್ಟಿಯ ನಮ್ಮ ಕುಲುಮೆಯಲ್ಲಿ ಅಮಾವಾಸ್ಯೆಯ ದಿನ ಬೆಂಕಿ ಹಾಕುತ್ತಿರಲಿಲ್ಲ. ಅಪ್ಪನ ಕಾಲದಿಂದ ಬಂದ ಕಟ್ಟು ಅದು. ಸುತ್ತಿಗೆ, ಇಕ್ಕಳ ತೊಳೆದು, ಕುಂಕುಮವಿಟ್ಟು, ಸುಮ್ಮನೆ ಕೂರಬೇಕು. ಅಂಥದ್ದೇ ಒಂದು ಅಮಾವಾಸ್ಯೆ ಬೆಳಿಗ್ಗೆ ನನ್ನ ತಮ್ಮ ಏರ್ಕಾಡು ಬೆಟ್ಟದ ತೋಟದಿಂದ ಬಿಳಿ ದೊರೆಯ ಸಣ್ಣ ಲಾರಿಯನ್ನು ಓಡಿಸಿಕೊಂಡು ಬಂದ. ಗಾಡಿ ಊರೊಳಗೆ ಬರುವ ಮೊದಲೇ ಅದರ ಕಿರುಗುಟ್ಟುವ ಸದ್ದು ಬಂದಿತ್ತು.

ಅವನು ಕಾಫಿ ತೋಟದ ಡ್ರೈವರು. ನಮ್ಮ ಮನೆತನದಲ್ಲಿ ಕಬ್ಬಿಣ ಬಡಿಯುವುದನ್ನು ಬಿಟ್ಟು ಬೇರೆ ಕೆಲಸ ಹಿಡಿದವನು ಅವನೊಬ್ಬನೇ. ಊರಿನಲ್ಲಿ ಅವನಿಗೆ ಸಿಗುತ್ತಿದ್ದ ಮರ್ಯಾದೆ ಅಣ್ಣನಾದ ನನಗೆ ಸಿಗುತ್ತಿರಲಿಲ್ಲ. ಅದು ನನ್ನ ಹೊಟ್ಟೆ ಉರಿಸುತ್ತಿತ್ತು. ಮುಚ್ಚಿಡುವ ವಯಸ್ಸು ದಾಟಿದೆ, ಹೇಳಿಬಿಡುತ್ತೇನೆ.

“ದೊರೆಗೆ ಈ ಸದ್ದು ಆಗಾಕಿಲ್ಲ ಅಣ್ಣಾ. ಸಾಯಂಕಾಲದೊಳಗೆ ನಿಲ್ಲಿಸ್ಕೊಂಡು ಬಾ, ಇಲ್ದಿದ್ರೆ ಬೇರೆ ಡ್ರೈವರ್ನ ಇಡ್ತೀನಿ ಅಂದವ್ರೆ. ಸೇಲಂನಾಗೆ ಬಿಟ್ರೆ ಎಲ್ಡು ದಿನ ಇಟ್ಕೊಂತಾರೆ. ಸೀಕ್ರಂ, ಬೇಗ ನೋಡು,” ಎಂದ.

ಲಾರಿಯ ಕೆಳಗೆ, ಭಾರ ಹೊರುವುದಕ್ಕೆ, ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿರುತ್ತಾರೆ. ಅದನ್ನೇ ಕಮಾನು ಪಟ್ಟಿ ಅನ್ನುವುದು. ಬಿಚ್ಚಿ ನೋಡಿದೆ. ಪಟ್ಟಿಗಳ ನಡುವೆ ತುಕ್ಕು ಹಿಡಿದು ಒಂದನ್ನೊಂದು ಉಜ್ಜುತ್ತಿದ್ದವು. ತುಕ್ಕು ಕೆರೆದು, ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ, ಹುಲ್ಲಿನ ಬೂದಿ ಕಲಸಿದ ಹರಳೆಣ್ಣೆಯನ್ನು ಬಳಿದೆ. ಅಷ್ಟಕ್ಕೇ ಸದ್ದು ಹೋಗುತ್ತಿತ್ತು. ಬೆಂಕಿಯೂ ಬೇಕಿರಲಿಲ್ಲ.

ಆದರೆ ಒಂದು ಪಟ್ಟಿ ಬಾಗು ಕಳೆದುಕೊಂಡು ಚಪ್ಪಟೆಯಾಗಿತ್ತು. ಅದನ್ನು ಕೈಗೆತ್ತಿಕೊಂಡೆ.

“ಅದನ್ನ ಮುಟ್ಟಬ್ಯಾಡ ಅಣ್ಣಾ. ಸದ್ದು ಓದ್ರೆ ಸಾಕು.”

“ಕಬ್ಬಿಣದ ಇಸ್ಯ ನಂಗೆ ಯೋಳಾಕೆ ಬರಬ್ಯಾಡ. ನೀನು ಸ್ಟೇರಿಂಗ್ ತಿರುಗ್ಸೋನು, ಅಷ್ಟೇ.”

ಅವ್ವ ಬೇಡವೆಂದರೂ ಕುಲುಮೆ ಹೊತ್ತಿಸಿದೆ. ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು ಬಾಗಿಸಿ, ಗಾಡಿ ಚಕ್ರದ ಪಟ್ಟಿಗೆ ಮಾಡುವ ಹಾಗೆ ಕೊಡಗಟ್ಟಲೆ ನೀರು ಸುರಿದೆ. ಚಕ್ರದ ಕಬ್ಬಿಣ ಮೆದು, ನೀರು ಬಿದ್ದರೆ ಬಿಗಿದುಕೊಂಡು ಕೂರುತ್ತದೆ. ಇದು ಉಕ್ಕು, ನೀರು ಬಿದ್ದರೆ ಗಡಸಾಗಿ ಗಾಜಿನಂತೆ ಮುರಿಯುತ್ತದೆ. ಕತ್ತಿಯಾಗಿದ್ದರೆ ಮತ್ತೆ ಹದವಾಗಿ ಕಾಯಿಸಿ ಗಡಸು ಇಳಿಸುತ್ತಿದ್ದೆ. ಆ ದಿನ ಅದನ್ನು ಮರೆತೆ, ನನ್ನ ಮನಸ್ಸೆಲ್ಲ ತಮ್ಮನೆದುರು ದೊಡ್ಡವನಾಗುವುದರಲ್ಲಿತ್ತು. ಲಾರಿ ಸದ್ದಿಲ್ಲದೆ ಹೊರಟಾಗ ಬೀದಿಯವರು ನೋಡಲಿ ಎಂದು ಬಾಗಿಲಲ್ಲೇ ನಿಂತಿದ್ದೆ.

ನಾಲ್ಕನೆಯ ದಿನ ಕಾಫಿ ಮೂಟೆ ಹೇರಿಕೊಂಡು ಘಾಟಿ ಇಳಿಯುವಾಗ ಆ ಪಟ್ಟಿ ಮುರಿಯಿತು. ಲಾರಿ ವಾಲಿ ತಡೆಗೋಡೆಗೆ ಗುದ್ದಿತು. ತಮ್ಮನಿಗೆ ಪೆಟ್ಟಾಗಲಿಲ್ಲ. ಮರುದಿನ, ತೋಟಕ್ಕೆ ಮಾಡಿದ್ದ ಗುದ್ದಲಿಗಳನ್ನು ಕೊಡಲು ಬೆಟ್ಟ ಹತ್ತಿದ ನನಗೆ ಬಂಗಲೆಯ ಅಂಗಳದಲ್ಲೇ ವಿಷಯ ತಿಳಿಯಿತು. ತಮ್ಮ ಕೈಕಟ್ಟಿ ನಿಂತಿದ್ದ. ದೊರೆಯ ಕೈಯಲ್ಲಿ ಮುರಿದ ತುಂಡಿತ್ತು. ಮುರಿದ ಜಾಗ ಕಲ್ಲುಸಕ್ಕರೆಯ ಹಾಗೆ ಹರಳುಹರಳಾಗಿತ್ತು. ತಪ್ಪು ಯಾರದೆಂದು ನನಗೆ ಕಂಡ ಕೂಡಲೇ ಗೊತ್ತಾಯಿತು.

“ಯಾರ್ ಪಣ್ಣದು?” ದೊರೆ ತನ್ನ ಹರಕು ತಮಿಳಿನಲ್ಲಿ ಕೇಳಿದ. ಮಾಡಿದ್ದು ಯಾರು?

“ನಾನ್ ದಾನ್ ದೊರೆ,” ಎಂದ ತಮ್ಮ. ನಾನೇ.

ನಾನು ಗುದ್ದಲಿಯ ಕಟ್ಟು ಬಿಚ್ಚತೊಡಗಿದೆ. ಆ ತೋಟದ ಗುದ್ದಲಿ, ಕತ್ತಿಗಳ ಕೆಲಸ ತಪ್ಪಿದರೆ ನನ್ನ ಕುಲುಮೆಗೆ ಕೆಲಸವೇ ಇರಲಿಲ್ಲ. ಅದೇ ಅಂಗಳದಲ್ಲಿ ಅವನ ಕೆಲಸ ಹೋಯಿತು. ನನ್ನ ಗುದ್ದಲಿಗಳನ್ನು ದೊರೆ ತಿರುಗಿಸಿ ತಿರುಗಿಸಿ ನೋಡಿ, ಚೆನ್ನಾಗಿವೆ, ಇನ್ನಷ್ಟು ಮಾಡಿಕೊಡು ಎಂದ.

ಅಮಾವಾಸ್ಯೆಯ ಕಟ್ಟು ಮುರಿದದ್ದಕ್ಕೆ ಹೀಗಾಯಿತೆಂದು ಅವ್ವ ಅತ್ತಳು. ಹೌದು ಎಂದೆ. ಕುಲುಮೆಗೆ ತೆಂಗಿನಕಾಯಿಯನ್ನೂ ಒಡೆದೆ. ನನ್ನ ತಪ್ಪನ್ನು ಚಂದ್ರನ ತಲೆಗೆ ಕಟ್ಟುವುದು ಎಷ್ಟು ಸುಲಭವಾಗಿತ್ತು.

ಬೆಟ್ಟದ ಮೇಲಿನ ಯಾವ ತೋಟದವರೂ ಅವನಿಗೆ ಮತ್ತೆ ಲಾರಿ ಕೊಡಲಿಲ್ಲ. ಮಾರಂಡಹಳ್ಳಿಯಲ್ಲಿ ಹೆಂಡತಿಯ ತವರು ಸೇರಿ ರಾಗಿ ಹೊಲದಲ್ಲಿ ದುಡಿದ. ಒಂದು ವರ್ಷ ಕಳೆದ ಮೇಲೆ ಹೋಗಿ, ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಇಬ್ರ ಕೆಲಸಾನೂ ಯಾಕೆ ಓಗ್ಬೇಕು ಅಂತ ‘ನಾನೇ’ ಅಂದೆ,” ಎಂದ. ತಟ್ಟೆ ತಂದಿಡುತ್ತಾ, “ಅಂದ್ಮೇಲೆ ಅಲ್ಲೇ ಒಸಿ ಒತ್ತು ನಿಂತಿದ್ನಲ್ಲ ಅಣ್ಣಾ. ‘ಅವನಲ್ಲ, ನಾನು’ ಅಂತ ನೀನು ಯೋಳ್ತೀಯಾ ಅಂತ ನಿಂತಿದ್ದೆ,” ಎಂದ.

ಆಮೇಲೆ ತಟ್ಟೆಗೆ ಮುದ್ದೆ ಹಾಕಿ, ಉಣ್ಣು ಎಂದ. ಉಂಡೆ.