ಬಿಲ್ ಕೇಳಿ ಕಳೆದುಕೊಂಡ ವೇಪ್

ಈ ವರ್ಷ ದೀಪಾವಳಿ ಮುಗಿದ ಸೋಮವಾರ ವೈದ್ಯರು ನನ್ನ ಹರ್ನಿಯಾ ಆಪರೇಷನ್ ಮುಂದಕ್ಕೆ ಹಾಕಿದರು. ಸಿಗರೇಟು ಬಿಟ್ಟು ನಾಲ್ಕು ವಾರ ತುಂಬದೆ ಟೇಬಲ್ ಮೇಲೆ ಮಲಗಿಸುವುದಿಲ್ಲ ಎಂದರು. ಅಂದೇ ಬಿಟ್ಟೆ. ದಾವಣಗೆರೆಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ, ಅಷ್ಟೇ ವರ್ಷದಿಂದ ಸೇದುತ್ತಿದ್ದೆ.

ಮೂರನೇ ದಿನಕ್ಕೆ ನನ್ನ ಸಿಡುಕು ತಾಳಲಾರದೆ ಪಕ್ಕದ ಕುರ್ಚಿಯ ವರದಿಗಾರ ವೇಪ್ ತಗೊಳ್ಳಿ ಎಂದ. ಬ್ಯಾಟರಿಯಲ್ಲಿ ದ್ರವ ಕಾಯಿಸಿ ಆವಿ ಕೊಡುವ, ಪೆನ್ನಿನಷ್ಟು ಉದ್ದದ ಸಾಧನ.

"ನಿಮಗೆ ಗುಂಡಿ ಇಲ್ಲದ್ದೇ ಬೇಕು ಸರ್, ಎಳೆದ್ರೆ ತಾನೇ ಶುರು ಆಗ್ತೈತೆ. ದ್ರವ ತುಂಬೋದು, ಕಾಯಿಲ್ ಬದಲಾಯ್ಸೋದು ನಿಮ್ಮ ಕೈಲಿ ಆಗಲ್ಲ. ಪ್ರಿಂಟರಿಗೆ ಪೇಪರ್ ಹಾಕೋಕೂ ನನ್ನ ಕರೀತೀರಿ."

ವೇಪ್ ಮಾರಾಟ ನಿಷೇಧ. ಆ ಸುದ್ದಿಗೆ ನಮ್ಮ ಪತ್ರಿಕೆಯಲ್ಲಿ ಶೀರ್ಷಿಕೆ ಕೊಟ್ಟವನೇ ನಾನು. ಆದರೂ ಗುರುವಾರ ಕೊಳ್ಳಲು ಹೋದೆ.

ವಿದ್ಯಾನಗರದ ಮೊಬೈಲ್ ಕವರ್ ಅಂಗಡಿಯವನು ಕೌಂಟರ್ ಕೆಳಗಿಂದ ಮೂರು ತೆಗೆದಿಟ್ಟ. ಒಂದು ಇಟ್ಟಿಗೆಯಂತಿತ್ತು. ಇನ್ನೊಂದರ ಗುಂಡಿಯನ್ನು ಐದು ಸಲ ಒತ್ತಬೇಕು. ಮೂರನೆಯದು ಗುಂಡಿ ಇಲ್ಲದ್ದು.

"ಹೊಸಬರಿಗೆ ಇದೇ ಸಲೀಸು" ಎಂದ.

"ಇದರಲ್ಲಿ ನಿಕೋಟಿನ್ ಎಷ್ಟಿದೆ?"

"ಇರೋವಷ್ಟು ಐತ್ರಿ."

"ಮಾಡಿದ್ದು ಯಾರು?"

"ಕಂಪನಿಯೋರು."

ಡಬ್ಬಿಯ ಮೇಲಿದ್ದದ್ದು ಮಾವಿನಹಣ್ಣಿನ ಚಿತ್ರ ಮಾತ್ರ. ಕಾಗದ ಇಲ್ಲದ ಮಾತನ್ನು ನಂಬಬಾರದು ಎಂಬುದು ಡೆಸ್ಕಿನ ರೂಢಿ. ಆ ಅಭ್ಯಾಸಬಲದಿಂದ "ಬಿಲ್ ಕೊಡಿ" ಎಂದುಬಿಟ್ಟೆ.

ಅವನು ನನ್ನನ್ನು ನೋಡಿದ. ಹೊರಗಿದ್ದ ನನ್ನ ಸ್ಕೂಟರಿನ ಮೇಲಿನ 'ಪ್ರೆಸ್' ಅಕ್ಷರ ನೋಡಿದ. ಮೂರೂ ಕೌಂಟರ್ ಕೆಳಗೆ ಹೋದವು.

"ಯಾವ ಬಿಲ್ ಸಾರ್? ನಮ್ಮಲ್ಲಿ ಕವರು, ಚಾರ್ಜರು ಅಷ್ಟೇ."

ಮರುದಿನ ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಹೆಂಡತಿಯ ತಮ್ಮ ಕರೆದ. "ನಮ್ಮೂರಾಗೆ ಸಿಗ್ತೈತೆ ಬರ್ರಿ ಭಾವ. ನೀವು ಮಾತ್ರ ಬಾಯಿ ಬಿಡಬ್ಯಾಡ್ರಿ." ಬಾಯಿ ಬಿಡಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಪಾನ್ ಅಂಗಡಿಯವನು ನನ್ನನ್ನು ಕಂಡದ್ದೇ ಹೆಂಡತಿಯ ತಮ್ಮನನ್ನು ಕೇಳಿದ: "ಬಿಲ್ ಕೇಳೋ ಪೇಪರ್‌ನೋರು ಇವ್ರೇನಾ?"

ಸುದ್ದಿ ನನಗಿಂತ ಮೊದಲು ಹರಿಹರ ತಲುಪಿತ್ತು.

"ಆ ಮಾಲು ನಾವು ಇಡಲ್ರಿ. ಸಿಗರೇಟ್ ಕೊಡ್ಲಾ? ಇದಕ್ಕೇನೂ ನಿಷೇಧ ಇಲ್ಲ. ಬಿಲ್ ಬೇಕಂದ್ರೆ ಬರೆದೂ ಕೊಡ್ತೀನಿ."

ಹೆಂಡತಿಯ ತಮ್ಮ ಆ ಕಡೆ ತಿರುಗಿ ನಕ್ಕ. ಸಿಟ್ಟಿನಲ್ಲಿ ಒಂದು ತೆಗೆದುಕೊಂಡು ಅಲ್ಲೇ ಹಚ್ಚಿದೆ. ಅದು ಬಿಟ್ಟ ಐದನೇ ದಿನ. ಲೆಕ್ಕ ಮತ್ತೆ ಸೊನ್ನೆಗೆ ಬಂತು.

ಎಸ್.ಎಸ್. ಬಡಾವಣೆಯ ಮನೆಗೆ ಬರುವಷ್ಟರಲ್ಲಿ ಹೆಂಡತಿಗೂ ಫೋನು ಹೋಗಿತ್ತು. "ಚಟ ಬಿಡೋಕೂ ರಸೀದಿ ಬೇಕೇನ್ರಿ ನಿಮಗೆ?" ಎಂದಳು. ತಮ್ಮನಿಗೆ ಏನೂ ಅನ್ನಲಿಲ್ಲ.

ಸೋಮವಾರ ವೈದ್ಯರಿಗೆ ಎಲ್ಲವನ್ನೂ ಹೇಳಿದೆ. "ವೇಪ್ ಸಿಕ್ಕಿದ್ರೂ ಬಿಟ್ಟಿದ್ದೀರಿ ಅಂತ ನಾನು ಬರ್ಕೊಳ್ತಿರಲಿಲ್ಲ. ನಿಕೋಟಿನ್ ಅದ್ರಾಗೂ ಐತಲ್ಲ" ಎಂದರು. ವಾರವೆಲ್ಲ ಯಾವ ಮಾಡೆಲ್ ಎಂದು ತಲೆ ತಿಂದ ಒಬ್ಬರೂ ನನಗೆ ಈ ಮಾತು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆರಂಭದ ದಿನಗಳಿಗೆ ಅಳತೆಯ ನಿಕೋಟಿನ್ ಇರುವ, ಅಗಿಯುವ ಗಮ್ ಬರೆದುಕೊಟ್ಟು, ಅದನ್ನು ಯಾವಾಗ ನಿಲ್ಲಿಸಬೇಕೆಂದೂ ಬರೆದರು. ಔಷಧಿ ಅಂಗಡಿಯವರು ಕೇಳದೆಯೇ ಬಿಲ್ ಕೊಟ್ಟರು.

ಆಮೇಲೆ ಇನ್ನೊಂದು ಸಲ ತಪ್ಪಿದ್ದೇನೆ. ಈ ಬುಧವಾರಕ್ಕೆ ಸಿಗರೇಟು ಬಿಟ್ಟು ಹತ್ತೊಂಬತ್ತು ದಿನ. ಆಪರೇಷನ್ ದಿನ ಇನ್ನೂ ನಿಗದಿಯಾಗಿಲ್ಲ.